ವಿಂಡೋಸ್‌ನಿಂದ ಲಿನಕ್ಸ್‌ಗೆ ಬರುವವರಿಗೆ ಸಮಗ್ರ ಮಾರ್ಗದರ್ಶಿ: ಇನ್‌ಸ್ಟಾಲ್ ಮಾಡುವುದು ಕಡೆಯ ಕೆಲಸ

ವಿಂಡೋಸ್‌ನ ಹಾಗೇ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ಹಾಕಿಕೊಂಡು ವಾರ ತುಂಬುವುದರೊಳಗೆ ಮತ್ತೆ ವಿಂಡೋಸ್ ಹಾಕಿಸಿಕೊಳ್ಳುವ ಮಂದಿ ಎಡವುವುದು ಹೆಚ್ಚೂಕಡಿಮೆ ಒಂದೇ ಜಾಗದಲ್ಲಿ. ಮೊದಲು ಪೆನ್‌ಡ್ರೈವ್ ಹಚ್ಚಿ ‘ನೆಕ್ಸ್ಟ್’ ಒತ್ತುತ್ತ ಹೋಗುತ್ತಾರೆ. ಟ್ಯಾಲಿ ಎಲ್ಲಿ, ನುಡಿಯಲ್ಲಿ ಟೈಪ್ ಮಾಡಿದ ಅರ್ಜಿ ಯಾಕೆ ಓದಲು ಬರುತ್ತಿಲ್ಲ, ಡಿ ಡ್ರೈವ್‌ನಲ್ಲಿದ್ದ ಮದುವೆ ಫೋಟೊ ಎಲ್ಲಿ ಹೋದವು ಎಂದು ಆಮೇಲೆ ಹುಡುಕುತ್ತಾರೆ. ಅಷ್ಟೊತ್ತಿಗೆ ಕೈ ಮೀರಿರುತ್ತದೆ. ಇನ್‌ಸ್ಟಾಲ್‌ಗೆ ಹಿಡಿಯುವುದು ಅರ್ಧ ತಾಸು. ಅದಕ್ಕೆ ಮುಂಚಿನ ತಯಾರಿಗೆ ಹದಿನೈದು ದಿನ ಕೊಡಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಹಾಗಾಗಿ ಗಟ್ಟಿಮುಟ್ಟಾಗಿಯೇ ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಈಗ ನಡುದಾರಿಯಲ್ಲಿ ನಿಂತಿವೆ. ಈ ಮಾರ್ಗದರ್ಶಿ ಅಂಥ ಯಂತ್ರ ಇರುವವರ ಸಲುವಾಗಿ.

ಲಿನಕ್ಸ್‌ನಲ್ಲಿ ಹತ್ತಾರು ಬಗೆ ಇವೆ. ಹೊಸಬರು ಅವುಗಳನ್ನು ಹೋಲಿಸುತ್ತ ಕೂಡುವುದು ಬೇಡ, ಲಿನಕ್ಸ್ ಮಿಂಟ್ 22ರ ಸರಣಿಯನ್ನೇ ಹಿಡಿಯಿರಿ. ಅದು ಉಬುಂಟು 24.04 ಎಂಬ ಇನ್ನೊಂದು ಲಿನಕ್ಸ್ ಮೇಲೆ ನಿಂತಿದೆ, 2029ರವರೆಗೆ ಅಪ್‌ಡೇಟ್ ಬರುತ್ತವೆ, ಪರದೆಯ ರೂಪವೂ ವಿಂಡೋಸ್ ಬಳಸಿದವರಿಗೆ ಹೊಸತೆನಿಸುವುದಿಲ್ಲ. 8 ಜಿಬಿ ರ‍್ಯಾಮ್ ಇದ್ದರೆ ಸಿನಮನ್ ಆವೃತ್ತಿ, 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ ಆವೃತ್ತಿ. 2 ಜಿಬಿ ಯಂತ್ರದಲ್ಲಿ ಮಿಂಟ್ ಏಳುತ್ತದೆ, ಆದರೆ ಬ್ರೌಸರಿನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಮುಗ್ಗರಿಸುತ್ತದೆ. ಅದಕ್ಕೆ ಮೊದಲು ರ‍್ಯಾಮ್ ಹಾಕಿಸಿ.

ಬೇಕಾಗುವ ಸಾಮಾನು

8 ಜಿಬಿ ಅಥವಾ ಹೆಚ್ಚಿನ ಪೆನ್‌ಡ್ರೈವ್ ಎರಡು. ಒಂದು ಮಿಂಟ್‌ಗೆ, ಇನ್ನೊಂದು ವಿಂಡೋಸ್‌ಗೆ ವಾಪಸ್ ಹೋಗಬೇಕಾದರೆ ಇರಲಿ ಎಂದು. ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಂಥ ಕಡೆ ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಜಾತ್ರೆಯಲ್ಲಿ, ಫುಟ್‌ಪಾತ್‌ನಲ್ಲಿ ಅಗ್ಗಕ್ಕೆ ಸಿಗುವ ‘64 ಜಿಬಿ’ಯ ಒಳಗೆ ಎಷ್ಟೋ ಸಲ 4 ಜಿಬಿಯೂ ಇರುವುದಿಲ್ಲ. ಬರೆಯುವಾಗ ತಪ್ಪು ತೋರಿಸುವುದಿಲ್ಲ, ಇನ್‌ಸ್ಟಾಲ್ ನಡುವೆ ಕೈಕೊಡುತ್ತದೆ.

ಬ್ಯಾಕಪ್‌ಗೆ ಒಂದು ಹೊರಗಿನ ಹಾರ್ಡ್ ಡಿಸ್ಕ್, ಫೋನಿನ ಯುಎಸ್‌ಬಿ ಕೇಬಲ್, ಕಾಗದ, ಪೆನ್ನು. ಡೆಸ್ಕ್‌ಟಾಪ್ ಆದರೆ ಕೆಲಸ ಮಾಡುವ ಯುಪಿಎಸ್.

ರೊಕ್ಕ ಹೊಂದುವಂತಿದ್ದರೆ 256 ಜಿಬಿಯ ಒಂದು ಸಾಟಾ ಎಸ್‌ಎಸ್‌ಡಿ ಕೊಳ್ಳಿ ಎಂದು ಒತ್ತಿ ಹೇಳಬೇಕು. ಹಳೆ ಹಾರ್ಡ್ ಡಿಸ್ಕ್ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಡಿ. ಹೊಸ ಎಸ್‌ಎಸ್‌ಡಿ ಕೂಡಿಸಿ ಅದರ ಮೇಲೆ ಲಿನಕ್ಸ್ ಹಾಕಿ. ಏನೇ ಕೆಟ್ಟರೂ ಹಳೆಯದನ್ನು ಮರಳಿ ಕೂಡಿಸಿದರೆ ವಿಂಡೋಸ್ ಇದ್ದ ಹಾಗೇ ಏಳುತ್ತದೆ. ಕೆಳಗೆ ಬರುವ ಪಾರ್ಟಿಷನ್ (ಡಿಸ್ಕನ್ನು ಭಾಗ ಮಾಡುವ) ತಾಪತ್ರಯ ಮುಕ್ಕಾಲು ಪಾಲು ಇದರಿಂದಲೇ ತಪ್ಪುತ್ತದೆ, ಯಂತ್ರದ ವೇಗವೂ ಕಣ್ಣಿಗೆ ಕಾಣುವಷ್ಟು ಏರುತ್ತದೆ.

ಹಂತ 1: ನಿಮ್ಮ ಕೆಲಸ ಲಿನಕ್ಸ್‌ನಲ್ಲಿ ಆಗುತ್ತದೆಯೇ?

ಒಂದು ವಾರ ಕಂಪ್ಯೂಟರಿನಲ್ಲಿ ಏನೇನು ತೆರೆಯುತ್ತೀರಿ ಎಂದು ಕಾಗದದ ಮೇಲೆ ಬರೆಯಿರಿ. ನೆನಪಿನಿಂದ ಬರೆದರೆ ಅರ್ಧ ಬಿಟ್ಟುಹೋಗುತ್ತವೆ, ತೆರೆದಾಗಲೇ ಗುರುತು ಹಾಕಿ.

ಬ್ರೌಸರಿನಲ್ಲಿ ನಡೆಯುವುದೆಲ್ಲ ಹಾಗೇ ನಡೆಯುತ್ತದೆ: ವಾಟ್ಸ್ಆ್ಯಪ್ ವೆಬ್, ನೆಟ್ ಬ್ಯಾಂಕಿಂಗ್, ಯೂಟ್ಯೂಬ್, ಗೂಗಲ್ ಮೀಟ್. ಸಿ, ಜಾವಾ, ಪೈಥಾನ್ ಕಲಿಯುವ ವಿದ್ಯಾರ್ಥಿಗಳಿಗೆ ಲಿನಕ್ಸ್ ಇನ್ನೂ ಹದ.

ಆಗದ ಕೆಲಸಗಳನ್ನು ಸ್ಪಷ್ಟವಾಗಿ ತಿಳಿದುಕೊಳ್ಳಿ. ಅಮರಗೋಳದ ಎಪಿಎಂಸಿಯಲ್ಲೋ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲೋ ದಲಾಲಿ ಅಂಗಡಿ ಇದ್ದು ಲೆಕ್ಕವೆಲ್ಲ ಟ್ಯಾಲಿಯಲ್ಲಿದ್ದರೆ ಆ ಯಂತ್ರವನ್ನು ಮುಟ್ಟಬೇಡಿ. ಜಿಎಸ್‌ಟಿಗೋ ಟೆಂಡರಿಗೋ ಯುಎಸ್‌ಬಿ ಡಿಜಿಟಲ್ ಸಹಿ ಟೋಕನ್ ಹಚ್ಚುವವರು, ಹಳ್ಳಿಯ ಸೇವಾ ಕೇಂದ್ರಗಳಲ್ಲಿ ಬೆರಳಚ್ಚು ಯಂತ್ರ ಬಳಸುವವರು ಅದಕ್ಕೊಂದು ವಿಂಡೋಸ್ ಯಂತ್ರ ಇಟ್ಟುಕೊಳ್ಳಲೇಬೇಕು. ಮುದ್ರಣಕಾಶಿ ಎನಿಸಿಕೊಂಡ ಗದಗಿನಲ್ಲಿ ಪೇಜ್‌ಮೇಕರ್, ಕೋರೆಲ್‌ಡ್ರಾ, ಫೋಟೊಶಾಪ್ ಮೇಲೆ ದಿನದ ದುಡಿಮೆ ನಡೆಸುವವರಿಗೂ ಇದೇ ಮಾತು. ಇಂಕ್‌ಸ್ಕೇಪ್, ಗಿಂಪ್, ಸ್ಕ್ರೈಬಸ್ ಒಳ್ಳೆಯ ಸಾಧನಗಳು. ಆದರೆ ಗಿರಾಕಿ ತಂದ ಕೋರೆಲ್ ಫೈಲನ್ನು ಕೂದಲಷ್ಟೂ ಕದಲದಂತೆ ತೆರೆದು ಪ್ಲೇಟಿಗೆ ಕಳಿಸುವ ಭರವಸೆ ಅವುಗಳಿಂದ ಸಿಗುವುದಿಲ್ಲ. ಆಟೊಕ್ಯಾಡ್ ಬೇಕಾದ ಸಿವಿಲ್ ವಿದ್ಯಾರ್ಥಿಗಳು ಎರಡನ್ನೂ ಇಟ್ಟುಕೊಳ್ಳುವುದು ಲೇಸು.

ಹೊಟ್ಟೆಪಾಡಿನ ಒಂದೇ ಒಂದು ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ಓಡುತ್ತಿದ್ದರೂ ವಿಂಡೋಸ್ ಅಳಿಸಬೇಡಿ. ವೈನ್ ಎಂಬ ಸಾಧನದಿಂದ ವಿಂಡೋಸ್ ತಂತ್ರಾಂಶ ಓಡಿಸಬಹುದು ಎಂದು ಯಾರಾದರೂ ಹೇಳುತ್ತಾರೆ. ಕೆಲವು ಓಡುತ್ತವೆ, ಆದರೆ ಸಣ್ಣ ಆಟಕ್ಕೆ ನಂಬಿದ ಹಾಗೆ ಮಾರ್ಚ್ ಕೊನೆಯ ಲೆಕ್ಕಪತ್ರಕ್ಕೆ ಅದನ್ನು ನಂಬುವಂತಿಲ್ಲ.

ಹಂತ 2: ವಿಂಡೋಸ್‌ನಲ್ಲಿದ್ದುಕೊಂಡೇ ಕೈ ಪಳಗಿಸಿ

ಲಿಬ್ರೆ ಆಫೀಸ್, ಫೈರ್‌ಫಾಕ್ಸ್, ವಿಎಲ್‌ಸಿ, ಗಿಂಪ್ ಇವೆಲ್ಲ ವಿಂಡೋಸ್‌ನಲ್ಲೂ ಓಡುತ್ತವೆ. ಹದಿನೈದು ದಿನ ಇವುಗಳಲ್ಲೇ ಕೆಲಸ ಮಾಡಿ. ವರ್ಡ್ ಫೈಲಿನ ಟೇಬಲ್ ಎಲ್ಲಿ ಜರುಗುತ್ತದೆ, ಎಕ್ಸೆಲ್‌ನ ಯಾವ ಮ್ಯಾಕ್ರೊ ನಿಲ್ಲುತ್ತದೆ ಎಂಬುದು ಈಗಲೇ ತಿಳಿಯುತ್ತದೆ. ಹೊಸ ತಂತ್ರಾಂಶ, ಹೊಸ ವ್ಯವಸ್ಥೆ ಎರಡನ್ನೂ ಒಂದೇ ದಿನ ಎದುರಿಸಿದವರು ತಪ್ಪು ಯಾವುದರದ್ದು ಎಂದು ತಿಳಿಯದೆ ಎರಡನ್ನೂ ಬೈಯುತ್ತಾರೆ.

ಇದೇ ಹೊತ್ತಿನಲ್ಲಿ ಕನ್ನಡ ಫೈಲುಗಳನ್ನು ಪರೀಕ್ಷಿಸಿ. ನಮ್ಮ ಭಾಗದ ಕಚೇರಿ, ಶಾಲೆ, ಝೆರಾಕ್ಸ್ ಅಂಗಡಿಗಳಲ್ಲಿ ವರ್ಷಗಟ್ಟಲೆ ನುಡಿ, ಬರಹದಲ್ಲಿ ಟೈಪ್ ಮಾಡಿದ ಫೈಲುಗಳು ಬಿದ್ದಿರುತ್ತವೆ. ಒಂದು ಫೈಲ್ ತೆರೆದು, ಪಠ್ಯವನ್ನೆಲ್ಲ ಆಯ್ದು, ಅಕ್ಷರಶೈಲಿಯನ್ನು ಏರಿಯಲ್ ಎಂದು ಬದಲಿಸಿ. ಕನ್ನಡ ಕನ್ನಡವಾಗಿಯೇ ಉಳಿದರೆ ಅದು ಯುನಿಕೋಡ್ (ಎಲ್ಲ ಯಂತ್ರಗಳಿಗೂ ಗೊತ್ತಿರುವ ಅಕ್ಷರ ಸಂಕೇತ), ಚಿಂತೆ ಇಲ್ಲ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲಾಗಿ ಒಡೆದರೆ ಅದು ಹಳೆಯ ಆಸ್ಕಿ ಪಠ್ಯ, ತನ್ನ ಫಾಂಟ್ ಇಲ್ಲದೆ ಕನ್ನಡವಾಗಿ ಕಾಣದು. ಅಂಥ ಫೈಲು ಲಿನಕ್ಸ್‌ನಲ್ಲಿ ತೆರೆದಾಗಲೂ ಹೀಗೇ ಕಾಣುತ್ತದೆ. ಫೈಲ್ ಹಾಳಾಗಿದೆ ಎಂದು ತಿಳಿದು ಅಳಿಸಿದವರೂ ಇದ್ದಾರೆ.

ಇದಕ್ಕೆ ಎರಡು ಕೆಲಸ ಮಾಡಿ. ಆ ನುಡಿ ಫಾಂಟ್ ಫೈಲುಗಳನ್ನು ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ಬ್ಯಾಕಪ್‌ಗೆ ನಕಲು ಮಾಡಿಕೊಳ್ಳಿ, ಲಿನಕ್ಸ್‌ನಲ್ಲಿ ಅವುಗಳ ಮೇಲೆ ಎರಡು ಸಲ ಕ್ಲಿಕ್ ಮಾಡಿ ‘ಇನ್‌ಸ್ಟಾಲ್’ ಒತ್ತಿದರೆ ಹಳೆ ಫೈಲುಗಳು ಓದಲು ಬರುತ್ತವೆ. ಮುಂದೆಯೂ ತಿದ್ದಬೇಕಾದ ಫೈಲುಗಳನ್ನು ವಿಂಡೋಸ್ ಇರುವಾಗಲೇ ಪರಿವರ್ತಕ ಬಳಸಿ ಯುನಿಕೋಡ್‌ಗೆ ತನ್ನಿ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಕಣ್ಣಿಟ್ಟು ನೋಡಿ. ತಪ್ಪು ನುಸುಳುವುದು ಅಲ್ಲೇ.

ಹಂತ 3: ಬ್ಯಾಕಪ್

ಈ ಹಂತದಲ್ಲಿ ಆಗುವ ತಪ್ಪಿಗೆ ಪರಿಹಾರ ಇಲ್ಲ, ಅದಕ್ಕೇ ನಿಧಾನವಾಗಿ ಓದಿ.

‘ನಂದು ಎಲ್ಲಾ ಡಿ ಡ್ರೈವ್‌ನಲ್ಲಿ ಇದೆ, ಸಿ ಅಷ್ಟೇ ಅಳಿಸ್ತೀನಿ’ ಎಂಬ ನಂಬಿಕೆ ನೂರಾರು ಮನೆಗಳ ಫೋಟೊಗಳನ್ನು ನುಂಗಿದೆ. ಸಿ, ಡಿ, ಇ ಎಂಬವು ಬಹುತೇಕ ಯಂತ್ರಗಳಲ್ಲಿ ಒಂದೇ ಡಿಸ್ಕಿನ ಮೂರು ಭಾಗಗಳು, ಒಂದೇ ಹೊಲಕ್ಕೆ ಹಾಕಿದ ಬದುವಿನ ಹಾಗೆ. ಇನ್‌ಸ್ಟಾಲರ್‌ನಲ್ಲಿ ‘ಎರೇಸ್ ಡಿಸ್ಕ್’ ಎಂದು ಒತ್ತಿದರೆ ಬದು ಸಮೇತ ಇಡೀ ಹೊಲ ಹರಗಿದಂತೆ. ಡಿ ಡ್ರೈವ್ ಬ್ಯಾಕಪ್ ಆಗುವುದಿಲ್ಲ. ಯಂತ್ರದಿಂದ ಬಿಚ್ಚಿ ಬೇರೆ ಕೋಣೆಯಲ್ಲಿಡಬಹುದಾದದ್ದು ಮಾತ್ರ ಬ್ಯಾಕಪ್.

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಫೋಲ್ಡರ್‌ಗಳು, ಡಿ ಮತ್ತು ಇ ಪೂರ್ತಿ, ಟ್ಯಾಲಿಯ ಡೇಟಾ ಫೋಲ್ಡರ್, ಔಟ್‌ಲುಕ್ ಮೇಲ್ ಫೈಲು, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು: ಇಷ್ಟನ್ನೂ ತೆಗೆದಿಡಿ. ನಕಲು ಮುಗಿದ ಮೇಲೆ ಹೊರಗಿನ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಚ್ಚಿ ಅಲ್ಲೊಂದು ಇಲ್ಲೊಂದು ಫೋಟೊ, ಫೈಲು ತೆರೆದು ನೋಡಿ. ಹೆಸರು ಕಂಡ ಮಾತ್ರಕ್ಕೆ ಫೈಲು ಸರಿಯಾಗಿ ಬಂದಿದೆ ಎಂದಲ್ಲ.

ಎರಡನೆಯ ಪೆನ್‌ಡ್ರೈವ್‌ಗೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ವಿಂಡೋಸ್ ಇನ್‌ಸ್ಟಾಲರ್ ಬರೆದಿಡಿ. ಆ ಟೂಲ್ ಲಿನಕ್ಸ್‌ನಲ್ಲಿ ಓಡುವುದಿಲ್ಲ, ಆಮೇಲೆ ಬೇಕೆಂದರೆ ಇನ್ನೊಬ್ಬರ ಯಂತ್ರ ಕೇಳಬೇಕಾಗುತ್ತದೆ. ವಿಂಡೋಸ್ 8ರ ನಂತರ ವಿಂಡೋಸ್ ಸಮೇತ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಲೈಸೆನ್ಸ್ ಕೀ ಸಾಮಾನ್ಯವಾಗಿ ಬಯೋಸ್‌ನಲ್ಲೇ (ಯಂತ್ರ ಆನ್ ಆದಾಗ ಮೊದಲು ಓಡುವ ಒಳ ತಂತ್ರಾಂಶ) ಇರುತ್ತದೆ.

ಹಂತ 4: ವಿಂಡೋಸ್‌ನಲ್ಲಿ ಬಿಡಿಸಬೇಕಾದ ಗಂಟುಗಳು

ಎರಡೂ ವ್ಯವಸ್ಥೆ ಇಟ್ಟುಕೊಳ್ಳುವವರಿಗೆ ಈ ಹಂತ ಕಡ್ಡಾಯ. ಹೊಸ ಎಸ್‌ಎಸ್‌ಡಿಗೆ ಹೋಗುವವರು ಬಿಟ್ಟು ಮುಂದೆ ಸಾಗಬಹುದು.

ಮೊದಲನೆಯದು ಬಿಟ್‌ಲಾಕರ್, ಡಿಸ್ಕಿನ ಡೇಟಾಕ್ಕೆ ವಿಂಡೋಸ್ ಹಾಕುವ ಬೀಗ. ವಿಂಡೋಸ್ 10, 11ರ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ಹೆಸರಿನಲ್ಲಿ ಅದು ತಾನಾಗಿಯೇ ಶುರುವಾಗಿರುತ್ತದೆ. ಯಂತ್ರ ಏಳುವ ಬಗೆ (ಬೂಟ್ ವ್ಯವಸ್ಥೆ) ಬದಲಾದ ಕೂಡಲೇ ನೀಲಿ ಪರದೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ, ಅದಿಲ್ಲದಿದ್ದರೆ ಡೇಟಾ ಸಿಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಎನ್‌ಕ್ರಿಪ್ಷನ್ ಆಫ್ ಮಾಡಿ, ಪೂರ್ತಿ ಡಿಕ್ರಿಪ್ಟ್ ಆಗುವ ತನಕ ಕಾಯಿರಿ. ಕೀಯನ್ನು ಕಾಗದದ ಮೇಲೂ ಬರೆದಿಡಿ.

ಎರಡನೆಯದು ಫಾಸ್ಟ್ ಸ್ಟಾರ್ಟಪ್. ಇದು ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಅರೆನಿದ್ದೆಯಲ್ಲಿರುತ್ತದೆ. ಆಗ ಲಿನಕ್ಸ್‌ನಿಂದ ಡಿ ಡ್ರೈವ್ ತೆರೆದರೆ ಓದಲು ಮಾತ್ರ ಬರುತ್ತದೆ, ಬರೆಯಲು ಬರುವುದಿಲ್ಲ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ‘ಚೂಸ್ ವಾಟ್ ದ ಪವರ್ ಬಟನ್ಸ್ ಡೂ’ ಒಳಗೆ ಹೋಗಿ ಅದರ ಗುರುತು ತೆಗೆಯಿರಿ.

ಮೂರನೆಯದು ಜಾಗ. ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ, ಸಿ ಮೇಲೆ ಬಲ ಕ್ಲಿಕ್ ಮಾಡಿ ‘ಶ್ರಿಂಕ್ ವಾಲ್ಯೂಮ್’ ಆಯ್ದುಕೊಳ್ಳಿ. ಅಲ್ಲಿ ಲೆಕ್ಕ ಎಂಬಿಯಲ್ಲಿ: 60 ಜಿಬಿಗೆ 61440, 100 ಜಿಬಿಗೆ 102400. ಮಿಂಟ್‌ಗೆ ಕನಿಷ್ಠ 20 ಜಿಬಿ ಬೇಕೆಂದಿದ್ದರೂ 60ಕ್ಕಿಂತ ಕಡಿಮೆ ಕೊಟ್ಟರೆ ವರ್ಷದೊಳಗೆ ಇಕ್ಕಟ್ಟಾಗುತ್ತದೆ. ಬಿಡಿಸಿದ ಜಾಗ ‘ಅನ್‌ಅಲೊಕೇಟೆಡ್’ ಎಂದು ಕಪ್ಪು ಪಟ್ಟಿಯಲ್ಲಿ ಕಾಣುತ್ತದೆ. ಅದನ್ನು ಹಾಗೇ ಬಿಡಿ. ಹೊಸ ಡ್ರೈವ್ ಮಾಡಿ ಅಕ್ಷರ ಕೊಟ್ಟು ಫಾರ್ಮ್ಯಾಟ್ ಮಾಡುವುದು ಹೊಸಬರ ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ಇನ್‌ಸ್ಟಾಲರ್‌ಗೆ ಅದು ಖಾಲಿ ಜಾಗವಾಗಿ ಕಾಣುವುದಿಲ್ಲ.

ಕೊನೆಗೆ ಸಿಸ್ಟಮ್ ಇನ್ಫರ್ಮೇಷನ್ ತೆರೆದು ‘ಬಯೋಸ್ ಮೋಡ್’ ಎದುರು ಯುಇಎಫ್‌ಐ (ಹೊಸ ಬಗೆ) ಇದೆಯೋ ಲೆಗಸಿ (ಹಳೆ ಬಗೆ) ಇದೆಯೋ ಬರೆದುಕೊಳ್ಳಿ. ಪೆನ್‌ಡ್ರೈವ್‌ನಿಂದಲೂ ಅದೇ ಮೋಡ್‌ನಲ್ಲಿ ಬೂಟ್ ಮಾಡಬೇಕು. ಇಲ್ಲದಿದ್ದರೆ ಇನ್‌ಸ್ಟಾಲ್ ಆದ ಮೇಲೆ ಮೆನುವಿನಲ್ಲಿ ವಿಂಡೋಸ್ ಕಾಣದೆ ಗಾಬರಿಯಾಗುತ್ತದೆ.

ಹಂತ 5: ಇಳಿಸಿಕೊಳ್ಳುವುದು, ಪೆನ್‌ಡ್ರೈವ್‌ಗೆ ಬರೆಯುವುದು

ಮಿಂಟ್‌ನ ಐಎಸ್ಒ ಫೈಲು (ಇಡೀ ವ್ಯವಸ್ಥೆ ಅಡಕವಾಗಿರುವ ಒಂದೇ ಫೈಲು) ಸುಮಾರು 3 ಜಿಬಿ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್‌ನಲ್ಲಿ ಬ್ರೌಸರಿನಿಂದ ಇಳಿಸಲು ಹೊರಟರೆ ಮುಕ್ಕಾಲಿಗೆ ನಿಲ್ಲುತ್ತದೆ, ಮತ್ತೆ ಮೊದಲಿನಿಂದ ಶುರು. ಅದರ ಬದಲು ಲಿನಕ್ಸ್ ಮಿಂಟ್‌ನ ಅಧಿಕೃತ ತಾಣದಿಂದ ಟೊರೆಂಟ್ ಕೊಂಡಿ (ತುಣುಕು ತುಣುಕಾಗಿ ಇಳಿಸುವ ಬಗೆ, ಅದಕ್ಕೊಂದು ಟೊರೆಂಟ್ ತಂತ್ರಾಂಶ ಬೇಕು) ತೆಗೆದುಕೊಳ್ಳಿ. ಇವತ್ತು ಅರ್ಧ, ನಾಳೆ ಅರ್ಧ ಇಳಿಸಬಹುದು, ಬಂದ ತುಣುಕುಗಳನ್ನು ಅದೇ ಪರೀಕ್ಷಿಸಿಕೊಳ್ಳುತ್ತದೆ.

ಪೆನ್‌ಡ್ರೈವ್‌ಗೆ ಬರೆಯಲು ರೂಫಸ್ ಎಂಬ ವಿಂಡೋಸ್ ತಂತ್ರಾಂಶ ಸಾಕು. ಐಎಸ್ಒ ಆಯ್ದ ಮೇಲೆ ಪಕ್ಕದ ಸರಿಗುರುತಿನ ಬಟನ್ ಒತ್ತಿದರೆ ಎಸ್‌ಎಚ್‌ಎ-256 ಸಂಖ್ಯೆ (ಫೈಲಿನ ಬೆರಳಚ್ಚಿನಂಥದ್ದು) ತೋರಿಸುತ್ತದೆ. 64 ಅಕ್ಷರಗಳ ಅದು ಮಿಂಟ್ ತಾಣದಲ್ಲಿ ಕೊಟ್ಟ ಸಂಖ್ಯೆಗೆ ಬರೊಬ್ಬರಿ ಹೊಂದಬೇಕು. ಒಂದಕ್ಷರ ಬೇರೆಯಾದರೂ ಫೈಲು ಕೆಟ್ಟಿದೆ, ಮತ್ತೆ ಇಳಿಸಿ. ಯುಇಎಫ್‌ಐ ಯಂತ್ರಕ್ಕೆ ಪಾರ್ಟಿಷನ್ ಸ್ಕೀಮ್ ಜಿಪಿಟಿ ಇರಲಿ. ‘ಸ್ಟಾರ್ಟ್’ ಒತ್ತಿದಾಗ ಎರಡು ಬಗೆ ಕೇಳಿದರೆ ‘ಐಎಸ್ಒ ಇಮೇಜ್ ಮೋಡ್’ ಆಯ್ದುಕೊಳ್ಳಿ. ಅದು ಬೂಟ್ ಆಗದಿದ್ದಾಗ ಮಾತ್ರ ‘ಡಿಡಿ ಮೋಡ್’.

ಐಎಸ್ಒ ಫೈಲನ್ನು ಸಿನಿಮಾ ನಕಲು ಮಾಡಿದಂತೆ ಪೆನ್‌ಡ್ರೈವ್‌ಗೆ ಎಳೆದು ಹಾಕಿದರೆ ಬೂಟ್ ಆಗುವುದಿಲ್ಲ. ಇದನ್ನು ಹೇಳಬೇಕಾಗಿರುವುದು ಇದೇ ತಪ್ಪು ಪದೇ ಪದೇ ಆಗುವುದರಿಂದ.

ಹಂತ 6: ಇನ್‌ಸ್ಟಾಲ್ ಮಾಡದೆ ಓಡಿಸಿ ನೋಡಿ

ಯಂತ್ರ ಪೂರ್ತಿ ಆಫ್ ಮಾಡಿ, ಪೆನ್‌ಡ್ರೈವ್ ಹಚ್ಚಿ, ಆನ್ ಮಾಡಿದ ಕೂಡಲೇ ಬೂಟ್ ಕೀಯನ್ನು ಬಿಟ್ಟು ಬಿಟ್ಟು ಒತ್ತುತ್ತಿರಿ. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಮೊದಲು ಎಫ್2 ಒತ್ತಿ ಬಯೋಸ್ ಒಳಗೆ ಎಫ್12 ಬೂಟ್ ಮೆನು ಚಾಲೂ ಮಾಡಬೇಕಾಗಬಹುದು.

ಪರದೆ ಕಪ್ಪಾಗಿ ನಿಂತರೆ ಮರುಬೂಟ್ ಮಾಡಿ ಮೆನುವಿನಲ್ಲಿ ‘ಕಂಪ್ಯಾಟಿಬಿಲಿಟಿ ಮೋಡ್’ ಆಯ್ದುಕೊಳ್ಳಿ. ಎನ್ವಿಡಿಯಾ ಗ್ರಾಫಿಕ್ಸ್ ಇರುವ ಯಂತ್ರಗಳಲ್ಲಿ ಇದು ಸಾಮಾನ್ಯ.

ಡೆಸ್ಕ್‌ಟಾಪ್ ಬಂದ ಮೇಲೆ ಒಂದು ತಾಸು ಕೂತು ಒಂದೊಂದನ್ನೇ ನೋಡಿ: ವೈಫೈ, ಸ್ಪೀಕರ್, ಮೈಕ್, ಕ್ಯಾಮೆರಾ, ಟಚ್‌ಪ್ಯಾಡ್, ಬೆಳಕು ಹೆಚ್ಚುಕಡಿಮೆ ಮಾಡುವ ಕೀಗಳು, ಬ್ಲೂಟೂತ್. ಮುಚ್ಚಳ ಹಾಕಿ ಐದು ನಿಮಿಷ ಬಿಟ್ಟು ತೆರೆಯಿರಿ, ನಿದ್ದೆಯಿಂದ ಏಳುತ್ತದೆಯೇ ನೋಡಿ. ವೈಫೈ ಕಾಣದಿದ್ದರೆ ಫೋನನ್ನು ಕೇಬಲ್‌ನಿಂದ ಹಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇಂಟರ್ನೆಟ್ ಬರುತ್ತದೆ, ಆಮೇಲೆ ಡ್ರೈವರ್ ಮ್ಯಾನೇಜರ್‌ನಿಂದ ವೈಫೈ ಡ್ರೈವರ್ ಹುಡುಕಬಹುದು. ವೇಗವನ್ನು ಮಾತ್ರ ಈಗ ಅಳೆಯಬೇಡಿ. ಎಲ್ಲವೂ ಪೆನ್‌ಡ್ರೈವ್‌ನಿಂದ ಓಡುತ್ತಿರುವುದರಿಂದ ನಿಧಾನವೇ ಇರುತ್ತದೆ.

ಪ್ರಿಂಟರನ್ನೂ ಈಗಲೇ ಹಚ್ಚಿ ನೋಡಿ. ಎಪ್ಸನ್‌ನ ಎಲ್ ಸರಣಿಯ ಇಂಕ್ ಟ್ಯಾಂಕ್‌ಗಳು ಬಹುಮಟ್ಟಿಗೆ ಸಲೀಸು. ಎಚ್‌ಪಿ ಲೇಸರ್‌ಜೆಟ್ 1020, ಪಿ1007ರಂಥವಕ್ಕೆ ಎಚ್‌ಪಿಯ ಪ್ಲಗಿನ್ ಇಂಟರ್ನೆಟ್‌ನಿಂದ ಇಳಿಯಬೇಕು. ಅದಿಲ್ಲದಿದ್ದರೆ ಪ್ರಿಂಟರ್ ಪಟ್ಟಿಯಲ್ಲಿ ಕಾಣುತ್ತದೆ, ಕಾಗದ ಮಾತ್ರ ಹೊರಗೆ ಬರುವುದಿಲ್ಲ. ಝೆರಾಕ್ಸ್ ಅಂಗಡಿಗಳಲ್ಲಿ ಹೆಚ್ಚು ಕಾಣುವ ಕ್ಯಾನನ್ ಎಲ್‌ಬಿಪಿ 2900 ತನ್ನದೇ ಭಾಷೆಯಲ್ಲಿ ಮಾತಾಡುವ ಪ್ರಿಂಟರ್. ಲಿನಕ್ಸ್‌ನಲ್ಲಿ ಅದನ್ನು ಓಡಿಸಲು ಹೊಸಬರು ಹೆಣಗಾಡಬೇಕಾಗುತ್ತದೆ. ಅಂಗಡಿಯ ದುಡಿಮೆ ಅದರ ಮೇಲಿದ್ದರೆ ಆ ಯಂತ್ರಕ್ಕೆ ಲಿನಕ್ಸ್ ಬೇಡ.

ಮೆನುವಿನಲ್ಲಿ ‘ಡಿಸ್ಕ್ಸ್’ ತೆರೆದು ಹಾರ್ಡ್ ಡಿಸ್ಕ್‌ನ ಸ್ಮಾರ್ಟ್ ವರದಿ (ಡಿಸ್ಕಿನ ಆರೋಗ್ಯದ ಲೆಕ್ಕ) ನೋಡಿ. ಕೆಟ್ಟ ಸೆಕ್ಟರ್ ಎಂದಿದ್ದರೆ, ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ, ಮೊದಲು ಡಿಸ್ಕ್ ಬದಲಿಸಿ. ಸಾಯುತ್ತಿರುವ ಡಿಸ್ಕಿನ ಮೇಲೆ ಯಾವ ವ್ಯವಸ್ಥೆ ಹಾಕಿದರೂ ಅಷ್ಟೇ.

ಹಂತ 7: ಇನ್‌ಸ್ಟಾಲ್

ದುರಸ್ತಿಗಾಗಿ ಕರೆಂಟ್ ತೆಗೆಯುವ ದಿನಗಳ ಪ್ರಕಟಣೆ ಪೇಪರಿನಲ್ಲಿ ಬಂದಿರುತ್ತದೆ, ನೋಡಿ ದಿನ ಆರಿಸಿ. ಲ್ಯಾಪ್‌ಟಾಪ್ ಬ್ಯಾಟರಿ ತುಂಬಿರಲಿ, ಚಾರ್ಜರ್ ಹಚ್ಚಿರಲಿ. ಪಾರ್ಟಿಷನ್ ಬರೆಯುವ ಹೊತ್ತಿಗೆ ಕರೆಂಟ್ ಹೋದರೆ ಎರಡೂ ವ್ಯವಸ್ಥೆ ಕೈಬಿಡಬಹುದು. ಬ್ಯಾಕಪ್ ಡಿಸ್ಕನ್ನು ಬಿಚ್ಚಿ ದೂರ ಇಡಿ. ಹಚ್ಚಿಯೇ ಬಿಟ್ಟು ತಪ್ಪಿ ಅದನ್ನೇ ಅಳಿಸಿಕೊಳ್ಳುವ ಅಪಾಯ ಬೇಡ.

ಪೆನ್‌ಡ್ರೈವ್‌ನಿಂದ ಬಂದ ಡೆಸ್ಕ್‌ಟಾಪ್‌ನಲ್ಲಿ ‘ಇನ್‌ಸ್ಟಾಲ್ ಲಿನಕ್ಸ್ ಮಿಂಟ್’ ತೆರೆಯಿರಿ. ಭಾಷೆ ಇಂಗ್ಲಿಷ್, ಕೀಬೋರ್ಡ್ ‘ಇಂಗ್ಲಿಷ್ ಯುಎಸ್’ ಇರಲಿ. ಅಭಿಮಾನದಿಂದ ಕನ್ನಡ ಕೀಬೋರ್ಡ್ ಆಯ್ದುಕೊಂಡವರು ಮುಂದಿನ ಪರದೆಯಲ್ಲಿ ಬಳಕೆದಾರ ಹೆಸರು, ಪಾಸ್‌ವರ್ಡ್ ಹಾಕಲು ಬಾರದೆ ಸಿಕ್ಕಿಬೀಳುತ್ತಾರೆ. ಕನ್ನಡವನ್ನು ಆಮೇಲೆ ಸರಿಯಾಗಿ ಕೂಡಿಸೋಣ. ‘ಮಲ್ಟಿಮೀಡಿಯಾ ಕೊಡೆಕ್ಸ್’ (ಹಾಡು, ವಿಡಿಯೊ ಓಡಿಸಲು ಬೇಕಾದವು) ಎಂಬುದಕ್ಕೆ ಗುರುತು ಹಾಕಿ. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಎಂಬ ಭದ್ರತೆ ಆನ್ ಇದ್ದರೆ ಒಂದು ಪಾಸ್‌ವರ್ಡ್ ಕೇಳಬಹುದು, ಬರೆದಿಟ್ಟುಕೊಳ್ಳಿ. ಮರುಬೂಟ್‌ನಲ್ಲಿ ನೀಲಿ ಪರದೆ ಬಂದಾಗ ‘ಎನ್‌ರೋಲ್ ಎಂಒಕೆ’, ‘ಕಂಟಿನ್ಯೂ’, ‘ಯೆಸ್’ ಒತ್ತಿ ಅದೇ ಪಾಸ್‌ವರ್ಡ್ ಕೊಡಬೇಕು. ವೈರಸ್ ಎಂದು ಹೆದರಿ ಆಫ್ ಮಾಡಬೇಡಿ.

ಈಗ ಎಲ್ಲಕ್ಕಿಂತ ಮುಖ್ಯ ಪರದೆ. ಯಂತ್ರದಲ್ಲಿ ಹೊಸ ಎಸ್‌ಎಸ್‌ಡಿ ಮಾತ್ರ ಇದ್ದರೆ ‘ಎರೇಸ್ ಡಿಸ್ಕ್’ ಆಯ್ದು ಮುಂದೆ ಹೋಗಿ. ಎರಡೂ ವ್ಯವಸ್ಥೆ ಬೇಕಾದವರು ‘ಸಮ್‌ಥಿಂಗ್ ಎಲ್ಸ್’ ಆಯ್ದುಕೊಳ್ಳಿ. ಪಟ್ಟಿಯಲ್ಲಿ ‘ಫ್ರೀ ಸ್ಪೇಸ್’ ಹುಡುಕಿ, ಅದರ ಮೇಲೆ ನಿಂತು ಕೂಡಿಸುವ ಗುರುತು ಒತ್ತಿ. ಬಗೆ ಇಎಕ್ಸ್‌ಟಿ4, ಮೌಂಟ್ ಪಾಯಿಂಟ್ ಒಂದು ಓರೆಗೆರೆ (/). ಅಷ್ಟೇ. ಸ್ವಾಪ್ (ರ‍್ಯಾಮ್ ಸಾಲದಾದಾಗ ಬಳಸುವ ಡಿಸ್ಕಿನ ಜಾಗ) ಪ್ರತ್ಯೇಕ ಮಾಡುವುದು ಬೇಕಿಲ್ಲ, ಮಿಂಟ್ ತಾನೇ ಸ್ವಾಪ್ ಫೈಲ್ ಮಾಡಿಕೊಳ್ಳುತ್ತದೆ. ಇಎಫ್‌ಐ ಎಂಬ ಸಣ್ಣ ಪಾರ್ಟಿಷನ್ ಕಂಡರೆ ಫಾರ್ಮ್ಯಾಟ್ ಗುರುತು ಹಾಕಬೇಡಿ, ವಿಂಡೋಸ್‌ನ ಬಾಗಿಲು ಅದರಲ್ಲೇ ಇದೆ.

ಅಳತೆ ನೋಡಿ ಗೊಂದಲ ಬೇಡ. ವಿಂಡೋಸ್ 931 ಜಿಬಿ ಎನ್ನುವ ಡಿಸ್ಕನ್ನು ಇನ್‌ಸ್ಟಾಲರ್ 1000 ಜಿಬಿ ಎನ್ನುತ್ತದೆ, 238 ಎನ್ನುವುದನ್ನು 256 ಎನ್ನುತ್ತದೆ. ಎಣಿಕೆಯ ಪದ್ಧತಿ ಬೇರೆ, ಡಿಸ್ಕ್ ಅದೇ.

ಡಿಸ್ಕೇ ಕಾಣದಿದ್ದರೆ ಬಯೋಸ್‌ನಲ್ಲಿ ಸ್ಟೋರೇಜ್ ‘ರೇಡ್’ ಅಥವಾ ‘ಆರ್‌ಎಸ್‌ಟಿ’ಗೆ ಇರಬಹುದು, ‘ಎಎಚ್‌ಸಿಐ’ಗೆ ಬದಲಿಸಬೇಕು. ವಿಂಡೋಸ್ ಉಳಿಸಿಕೊಳ್ಳುವವರು ನೇರ ಬದಲಿಸಿದರೆ ವಿಂಡೋಸ್ ಏಳುವುದಿಲ್ಲ. ಮೊದಲು ವಿಂಡೋಸ್‌ನ ಎಂಎಸ್‌ಕಾನ್ಫಿಗ್ (msconfig) ತೆರೆದು ಸೇಫ್ ಬೂಟ್ ಗುರುತು ಹಾಕಿ, ಬಯೋಸ್‌ನಲ್ಲಿ ಬದಲಿಸಿ, ವಿಂಡೋಸ್ ಸೇಫ್ ಮೋಡ್‌ನಲ್ಲಿ ಎದ್ದ ಮೇಲೆ ಗುರುತು ತೆಗೆಯಿರಿ.

‘ಇನ್‌ಸ್ಟಾಲ್ ನೌ’ ಒತ್ತಿದಾಗ ಯಾವ ಪಾರ್ಟಿಷನ್ ಬದಲಾಗುತ್ತದೆ ಎಂಬ ಪಟ್ಟಿ ಬರುತ್ತದೆ. ಎರಡೂ ವ್ಯವಸ್ಥೆ ಇಟ್ಟುಕೊಳ್ಳುವವರು, ಈಗಷ್ಟೇ ಮಾಡಿದ ಇಎಕ್ಸ್‌ಟಿ4 ಪಾರ್ಟಿಷನ್ ಬಿಟ್ಟು ಬೇರೆ ಯಾವುದಾದರೂ ಫಾರ್ಮ್ಯಾಟ್ ಪಟ್ಟಿಯಲ್ಲಿ ಕಂಡರೆ ಅಲ್ಲಿಗೇ ನಿಲ್ಲಿಸಿ ‘ಗೋ ಬ್ಯಾಕ್’ ಒತ್ತಿ. ಆಮೇಲೆ ಹಿಂದಿರುಗಲು ದಾರಿ ಇಲ್ಲ. ಸಮಯ ವಲಯ ಕೋಲ್ಕತಾ, ಬಳಕೆದಾರ ಹೆಸರು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ. ಪಾಸ್‌ವರ್ಡ್ ದಿನಾ ಬೇಕಾಗುತ್ತದೆ, ನೆನಪಿರುವುದನ್ನೇ ಇಡಿ.

ಹಂತ 8: ಮೊದಲ ದಿನ ಮಾಡಬೇಕಾದದ್ದು, ಇದೇ ಕ್ರಮದಲ್ಲಿ

ಮೊದಲು ಟೈಮ್‌ಶಿಫ್ಟ್ ತೆರೆದು ಒಂದು ಸ್ನ್ಯಾಪ್‌ಶಾಟ್ ತೆಗೆಯಿರಿ. ಮುಂದೆ ಅಪ್‌ಡೇಟ್‌ನಿಂದ ಏನಾದರೂ ಕೆಟ್ಟರೆ ಇವತ್ತಿನ ಸ್ಥಿತಿಗೆ ಮರಳಬಹುದು. ಅದು ವ್ಯವಸ್ಥೆಯನ್ನು ಮಾತ್ರ ಉಳಿಸುತ್ತದೆ, ನಿಮ್ಮ ಫೋಟೊ, ಫೈಲುಗಳನ್ನು ಉಳಿಸುವುದಿಲ್ಲ. ಅವುಗಳ ಬ್ಯಾಕಪ್ ಎಂದಿನಂತೆ ಹೊರಗಿನ ಡಿಸ್ಕಿಗೆ.

ಬಳಿಕ ಅಪ್‌ಡೇಟ್ ಮ್ಯಾನೇಜರ್. ಮೊದಲ ಸಲ ಇಳಿಯುವುದು ಜಾಸ್ತಿ ಇರುತ್ತದೆ, ಒಳ್ಳೆ ನೆಟ್ ಇರುವಾಗ ಮಾಡಿ. ನಡುವೆ ಪವರ್ ಬಟನ್ ಒತ್ತಿ ಆಫ್ ಮಾಡಬೇಡಿ, ಅರ್ಧ ಹಾಕಿದ ಪ್ಯಾಕೇಜ್‌ಗಳು ಮುಂದಿನ ಎಲ್ಲ ಇನ್‌ಸ್ಟಾಲ್‌ಗೂ ಅಡ್ಡಿಯಾಗುತ್ತವೆ. ಆಮೇಲೆ ಡ್ರೈವರ್ ಮ್ಯಾನೇಜರ್, ಎನ್ವಿಡಿಯಾ ಇದ್ದರೆ ‘ರೆಕಮೆಂಡೆಡ್’ ಎಂದಿರುವುದನ್ನೇ ಆಯ್ದುಕೊಳ್ಳಿ.

ಹೊಸ ತಂತ್ರಾಂಶ ಬೇಕಾದಾಗ ಗೂಗಲ್‌ನಲ್ಲಿ ಹುಡುಕಿ ಇಳಿಸುವ ಹಳೆ ರೂಢಿ ಬಿಡಿ. ಮೊದಲು ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ನೋಡಿ. ಎಲ್ಲೋ ಕಂಡ ಕಮಾಂಡ್‌ಗಳನ್ನು ಅರ್ಥ ತಿಳಿಯದೆ ಟರ್ಮಿನಲ್‌ಗೆ (ಕಮಾಂಡ್ ಟೈಪ್ ಮಾಡುವ ಕಿಟಕಿ) ಅಂಟಿಸುವುದು ಬೇಡವೇ ಬೇಡ.

ಹಂತ 9: ಕನ್ನಡ ಕೂಡಿಸುವುದು

ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಐಬಸ್ (ibus, ಬೇರೆ ಭಾಷೆ ಟೈಪ್ ಮಾಡಿಸುವ ಸಾಧನ) ಎಂದು ಹುಡುಕಿ, ಹೆಸರಿನ ಕೊನೆಗೆ ಎಂ17ಎನ್ ಇರುವ ಪ್ಯಾಕೇಜ್ ಹಾಕಿ. ಮೆನುವಿನಲ್ಲಿ ‘ಇನ್‌ಪುಟ್ ಮೆಥಡ್’ ತೆರೆದು ಐಬಸ್ ಆಯ್ದು, ಲಾಗ್ಔಟ್ ಮಾಡಿ ಮತ್ತೆ ಒಳಗೆ ಬನ್ನಿ. ಈ ಲಾಗ್ಔಟ್ ಬಿಟ್ಟವರೇ ‘ಕನ್ನಡ ಬರ್ತಿಲ್ಲ’ ಎನ್ನುವುದು. ಐಬಸ್ ಪ್ರಿಫರೆನ್ಸಸ್‌ನಲ್ಲಿ ‘ಇನ್‌ಪುಟ್ ಮೆಥಡ್’, ‘ಆ್ಯಡ್’, ‘ಕನ್ನಡ’ ಎಂದು ಹೋಗಿ ‘ಕೆಜಿಪಿ’ ಆಯ್ದುಕೊಳ್ಳಿ. ಇದು ನುಡಿಯಲ್ಲಿ ರೂಢಿಯಾದ ಕಗಪ (ಕನ್ನಡ ಗಣಕ ಪರಿಷತ್ತಿನ) ಕೀಲಿ ವಿನ್ಯಾಸವೇ, ಬೆರಳುಗಳು ಹೊಸದಾಗಿ ಕಲಿಯಬೇಕಿಲ್ಲ. ಒತ್ತಕ್ಷರಕ್ಕೆ ಎಫ್. ‘ಹುಬ್ಬಳ್ಳಿ’ ಬರೆಯಲು ಎಚ್, ಯು, ಬಿ, ಎಫ್, ಬಿ, ಶಿಫ್ಟ್ ಒತ್ತಿ ಎಲ್, ಎಫ್, ಮತ್ತೆ ಶಿಫ್ಟ್ ಒತ್ತಿ ಎಲ್, ಐ. ಈ ಪದ ಸರಿಯಾಗಿ ಮೂಡಿದರೆ ಎಲ್ಲವೂ ಸರಿ ಇದೆ.

ಗುಬ್ಬಿ, ನವಿಲು, ಲೋಹಿತ್ ಕನ್ನಡ ಫಾಂಟ್‌ಗಳು ಅಲ್ಲೇ ಸಿಗುತ್ತವೆ. ಕನ್ನಡ ಫೈಲನ್ನು ಇನ್ನೊಬ್ಬರಿಗೆ ಕಳಿಸುವಾಗ ಅವರು ತಿದ್ದುವುದಿಲ್ಲ ಎಂದಾದರೆ ಪಿಡಿಎಫ್ ಮಾಡಿಯೇ ಕಳಿಸಿ.

ಹಂತ 10: ಕೈಕೊಟ್ಟಾಗ ಗುರುತಿಸುವುದು

ಆನ್ ಮಾಡಿದರೆ ಮೆನು ಬಾರದೆ ನೇರ ವಿಂಡೋಸ್‌ಗೆ ಹೋಗುತ್ತಿದ್ದರೆ ಲಿನಕ್ಸ್ ಅಳಿಸಿಹೋಗಿಲ್ಲ, ಬೂಟ್ ಸರದಿ ಬದಲಾಗಿದೆ. ಬಯೋಸ್‌ನ ಬೂಟ್ ಪಟ್ಟಿಯಲ್ಲಿ ‘ಉಬುಂಟು’ ಎಂಬುದನ್ನು ಮೇಲಕ್ಕೆ ತನ್ನಿ. ಮಿಂಟ್ ಅಲ್ಲಿ ಆ ಹೆಸರಿನಲ್ಲೇ ಇರುತ್ತದೆ.

ವಿಂಡೋಸ್‌ನಲ್ಲಿ ಗಡಿಯಾರ ಐದೂವರೆ ತಾಸು ಹಿಂದೆ ಓಡುತ್ತಿದ್ದರೆ ಯಂತ್ರ ಕೆಟ್ಟಿಲ್ಲ. ಲಿನಕ್ಸ್ ಒಳಗಿನ ಗಡಿಯಾರವನ್ನು ವಿಶ್ವ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಎಂದು ಓದುತ್ತದೆ. ಸದ್ಯಕ್ಕೆ ವಿಂಡೋಸ್‌ನ ಸಮಯದ ಸೆಟ್ಟಿಂಗ್‌ನಲ್ಲಿ ‘ಸಿಂಕ್ ನೌ’ ಒತ್ತಿ.

ಯಂತ್ರ ಆಗಾಗ ಹೆಪ್ಪುಗಟ್ಟಿ, ಫೈಲು ತೆರೆಯಲು ನಿಮಿಷ ಹಿಡಿಯುತ್ತಿದ್ದರೆ ಡಿಸ್ಕಿನ ಸ್ಮಾರ್ಟ್ ವರದಿ ಮತ್ತೆ ನೋಡಿ. ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಒತ್ತಿದಾಗ ಪರದೆಯ ಮೇಲೆ ಚುಕ್ಕೆಯೂ ಮೂಡದಿದ್ದರೆ ಅದು ದೋಷವಲ್ಲ, ಹಾಗೇ ಒತ್ತಿ ಎಂಟರ್ ಕೊಡಿ.

ಹಂತ 11: ವಿಂಡೋಸ್ ಅಳಿಸುವುದು ಯಾವಾಗ?

ಕನಿಷ್ಠ ಎರಡು ತಿಂಗಳು ಎರಡೂ ಇರಲಿ. ಪ್ರತಿ ಸಲ ವಿಂಡೋಸ್‌ಗೆ ಹೋದಾಗ ಯಾಕೆ ಹೋದಿರಿ ಎಂದು ಹಂತ 1ರ ಕಾಗದದ ಹಿಂಬದಿಗೆ ಬರೆಯಿರಿ. ತಿಂಗಳಿಗೊಮ್ಮೆ ಜಿಎಸ್‌ಟಿ ಸಹಿಗೆ ಹೋಗುತ್ತಿದ್ದರೆ ಅದು ಉಳಿಯಬೇಕು. ಎರಡು ತಿಂಗಳಲ್ಲಿ ಒಂದು ಸಾಲೂ ಬೀಳದಿದ್ದರೆ ಮಾತ್ರ ತೆಗೆಯುವ ವಿಚಾರ ಮಾಡಿ.

ತೆಗೆಯುವಾಗಲೂ ಮೊದಲು ಬ್ಯಾಕಪ್. ‘ಡಿಸ್ಕ್ಸ್’ನಲ್ಲಿ ವಿಂಡೋಸ್‌ನ ದೊಡ್ಡ ಎನ್‌ಟಿಎಫ್‌ಎಸ್ (ವಿಂಡೋಸ್ ಬಳಸುವ ಬಗೆ) ಪಾರ್ಟಿಷನ್ ಗುರುತಿಸಿ ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ, ಫೋಟೊ, ವಿಡಿಯೊ ಇಡುವ ಜಾಗವಾಗಿ ಬಳಸಿ. ಲಿನಕ್ಸ್ ಪಾರ್ಟಿಷನ್ನನ್ನೇ ಎಡಕ್ಕೆ ಹಿಗ್ಗಿಸಿ ಆ ಜಾಗಕ್ಕೆ ಸೇರಿಸುವ ಸಾಹಸ ಬೇಡ, ತಾಸುಗಟ್ಟಲೆ ಹಿಡಿಯುವ ಆ ಕೆಲಸದ ನಡುವೆ ಕರೆಂಟ್ ಹೋದರೆ ಎಲ್ಲವೂ ಹೋಗುತ್ತದೆ. ಆ ಸಣ್ಣ ಇಎಫ್‌ಐ ಪಾರ್ಟಿಷನ್ನನ್ನು ಈಗಲೂ ಮುಟ್ಟಬೇಡಿ. ವಿಂಡೋಸ್ ಹೋದ ಮೇಲೂ ಮಿಂಟ್ ಏಳುವುದು ಅದರಿಂದಲೇ.